ರಾಜಕೀಯ ನಮಗೇಕೆ ಎನ್ನಬೇಡಿ, ಅದು ಬ್ಯಾರನ್ ಬಾಗಿಲಲ್ಲೇ ನಿಂತಿದೆ



ಕೆಲಸದ ಬಿಡುವಿನಲ್ಲಿ ಊರ ವಾಚನಾಲಯದ ಬೆಂಚಿನ ಮೇಲೆ ಕುಳಿತು ಈ ಪುಟ ಓದುವ ನೀವು ಒಂದು ಮಾತನ್ನು ಎಷ್ಟೋ ಸಲ ಕೇಳಿದ್ದೀರಿ, ಬಹುಶಃ ಆಡಿಯೂ ಇದ್ದೀರಿ. "ರಾಜಕೀಯದ ಉಸಾಬರಿ ನಮಗೇಕಪ್ಪ? ನಾವಾಯಿತು, ನಮ್ಮ ಹೊಲವಾಯಿತು." ಮಾತು ಕೇಳುವುದಕ್ಕೆ ಚೆನ್ನಾಗಿದೆ. ಆದರೆ ನಿಜವಲ್ಲ.

ನೀವು ಕುಳಿತಿರುವ ಬೆಂಚಿನಿಂದಲೇ ಶುರು ಮಾಡೋಣ. ಈ ವಾಚನಾಲಯ ಯಾರೋ ಪುಣ್ಯಾತ್ಮರು ಕೊಟ್ಟ ದಾನವಲ್ಲ. 1965ರಲ್ಲಿ ನಮ್ಮ ವಿಧಾನಮಂಡಲ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಮಾಡಿತು. ಆ ದಾರಿಯಲ್ಲೇ ಹಳ್ಳಿಗೆ ಪುಸ್ತಕ, ಪತ್ರಿಕೆ ಬಂದವು. ಪಂಚಾಯಿತಿಗೆ ಮನೆ ಕಂದಾಯ ಕಟ್ಟಿದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಎಂಬುದೊಂದು ಅದರಲ್ಲಿ ಸೇರಿರುತ್ತದೆ. ಅಂದರೆ ಎಂದೋ ಬೆಂಗಳೂರಿನಲ್ಲಿ ಆದ ತೀರ್ಮಾನ ಇಂದು ನಿಮ್ಮ ಕೈಯಲ್ಲಿ ಪತ್ರಿಕೆಯಾಗಿದೆ, ಜೇಬಿನಲ್ಲಿ ರಸೀದಿಯಾಗಿದೆ.

ರಾಜಕೀಯ ಎಂದರೆ ಇದು. ಬಾವುಟ, ಮೈಕು, ಮೆರವಣಿಗೆ ಅದರ ಹೊರಗಿನ ಗದ್ದಲ. ಒಳಗಿನ ತಿರುಳು ತೀರ್ಮಾನ. ನಾವು ಗದ್ದಲ ನೋಡುತ್ತೇವೆ, ತೀರ್ಮಾನ ನೋಡುವುದಿಲ್ಲ. ಇದರಿಂದ ನಮಗೆ ಆಗಿರುವ, ಆಗುತ್ತಿರುವ ನಷ್ಟದ ಬಗ್ಗೆ ಎರಡು ಮಾತು ಹೇಳಬೇಕಾಗಿದೆ.

ಏಳನೇ ನಮೂನೆಯ ಪಾಠ

ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಯಾದರು. ಅವರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಗೆ ಕೊಟ್ಟಿದ್ದ ಜಮೀನೆಲ್ಲ ಅಂದಿನಿಂದ ಸರ್ಕಾರಕ್ಕೆ ಸೇರಿತು. ಉಳುವವನು ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕು, ತಾಲ್ಲೂಕಿನ ಭೂನ್ಯಾಯ ಮಂಡಳಿ ವಿಚಾರಣೆ ಮಾಡಿ ಅವನ ಹೆಸರಿಗೆ ಹಕ್ಕು ಕೊಡಬೇಕು. ಅರ್ಜಿಗೆ ವಾಯಿದೆಯನ್ನು ಮತ್ತೆ ಮತ್ತೆ ಮುಂದೂಡಿ, ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿದರು.

ಕರಾವಳಿ, ಮಲೆನಾಡಿನಷ್ಟು ಗೇಣಿ ಒಕ್ಕಲುತನ ನಮ್ಮ ಕಡೆ ಇರಲಿಲ್ಲ, ನಿಜ. ಆದರೂ ವಾರಕ್ಕೆ, ಗೇಣಿಗೆ ಉಳುತ್ತಿದ್ದ ಮನೆಗಳಿದ್ದವು. ಊರಿನ ಹಿರಿಯರನ್ನು ಕೇಳಿ. ಕಾಯಿದೆಯ ಸುದ್ದಿ ಕಿವಿಗೆ ಬಿದ್ದ ಕೂಡಲೇ ಓದು ಬಲ್ಲವರನ್ನು ಹಿಡಿದು ಅರ್ಜಿ ಬರೆಸಿದವರ ಮೊಮ್ಮಕ್ಕಳು ಇಂದು ಪಹಣಿಯಲ್ಲಿ ತಮ್ಮ ಹೆಸರು ನೋಡುತ್ತಿದ್ದಾರೆ. "ಧಣಿಗಳ ಮೇಲೆ ಅರ್ಜಿ ಹಾಕುವುದುಂಟೇ" ಎಂದು ಸಂಕೋಚಪಟ್ಟವರೂ, ವಾಯಿದೆ ಇದೆ ಎಂಬುದೇ ಗೊತ್ತಾಗದೆ ಉಳಿದವರೂ ಉತ್ತ ನೆಲವನ್ನು ಕಳೆದುಕೊಂಡರು. ಕಾಯಿದೆ ಇಬ್ಬರಿಗೂ ಒಂದೇ ಆಗಿತ್ತು. ವ್ಯತ್ಯಾಸವೆಂದರೆ ಒಬ್ಬನಿಗೆ ಸುದ್ದಿ ತಲುಪಿತು, ಇನ್ನೊಬ್ಬನಿಗೆ ತಲುಪಲಿಲ್ಲ.

ಅದೇ ಕಾಯಿದೆಗೆ 2020ರಲ್ಲಿ ಮತ್ತೊಂದು ತಿದ್ದುಪಡಿ ಬಂತು. ವ್ಯವಸಾಯ ಮಾಡದವರು, ಹೆಚ್ಚು ಆದಾಯ ಇರುವವರು ಕೃಷಿ ಜಮೀನು ಕೊಳ್ಳಬಾರದು ಎಂಬ 79ಎ ಮತ್ತು 79ಬಿ ಕಲಮುಗಳನ್ನು ಕಿತ್ತುಹಾಕಲಾಯಿತು. ಮೊದಲು ಸುಗ್ರೀವಾಜ್ಞೆಯಾಗಿ ಬಂದಾಗ ಕೊರೊನಾ ಕಾಲ, ಊರೂರೇ ಬಾಗಿಲು ಹಾಕಿಕೊಂಡಿತ್ತು. ಇದರಿಂದ ಜಮೀನಿಗೆ ಬೆಲೆ ಬಂತು ಎನ್ನುವವರೂ ಇದ್ದಾರೆ, ರೈತನ ನೆಲ ಕೈಬಿಡುವ ದಾರಿ ಇದು ಎನ್ನುವವರೂ ಇದ್ದಾರೆ. ಎರಡರಲ್ಲಿ ಯಾವುದು ಸರಿ ಎಂದು ನಾನು ಹೇಳಹೊರಟಿಲ್ಲ. ಕಬಿನಿ ಹಿನ್ನೀರಿನ ಬದಿಯಲ್ಲಿ ಜಮೀನಿರುವ ಎಚ್.ಡಿ. ಕೋಟೆಯ ರೈತನಿಗೆ ಇದಕ್ಕಿಂತ ದೊಡ್ಡ ಸುದ್ದಿ ಬೇರೆ ಯಾವುದಿತ್ತು? ನಮ್ಮ ಎಷ್ಟು ಅರಳಿಕಟ್ಟೆಗಳಲ್ಲಿ ಅದರ ಚರ್ಚೆ ನಡೆಯಿತು? ನೀವೇ ಯೋಚಿಸಿ.

ಎತ್ತು ಏರಿಗೆ, ಕೋಣ ನೀರಿಗೆ

ಇನ್ನು ಹೊಗೆಸೊಪ್ಪಿಗೆ ಬರೋಣ. ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ ಇಲ್ಲದ ಊರು ಹುಡುಕಬೇಕು. 1975ರಲ್ಲಿ ಸಂಸತ್ತು ತಂಬಾಕು ಮಂಡಳಿ ಕಾಯಿದೆ ಮಾಡಿತು. ಮರುವರ್ಷ ಮಂಡಳಿ ಗುಂಟೂರಿನಲ್ಲಿ ಕೆಲಸ ಶುರುಮಾಡಿತು. 1984ರಲ್ಲಿ ಕರ್ನಾಟಕದಲ್ಲಿ ಹರಾಜು ಕಟ್ಟೆಗಳು ಬಂದವು. ಅದಕ್ಕೆ ಮೊದಲು ವ್ಯಾಪಾರಿ ಹೇಳಿದ್ದೇ ದರ, ಕೊಟ್ಟಾಗಲೇ ಹಣ. ಹರಾಜು ಬಂದ ಮೇಲೆ ತೂಕಕ್ಕೆ, ದರ್ಜೆಗೆ, ಹಣ ಪಾವತಿಗೆ ಒಂದು ಕ್ರಮ ಬಂತು. ಅದೂ ರಾಜಕೀಯದ ತೀರ್ಮಾನವೇ. ಒಳ್ಳೆಯದನ್ನು ಒಳ್ಳೆಯದೆನ್ನಬೇಕು.

ಆದರೆ ಅದೇ ಕಾಯಿದೆಯ ಕೆಳಗೆ ಪ್ರತಿ ವರ್ಷ ರಾಜ್ಯ ಎಷ್ಟು ಸೊಪ್ಪು ಬೆಳೆಯಬೇಕು ಎಂಬ ಮಿತಿ ಗೊತ್ತಾಗುತ್ತದೆ. ನಿಮ್ಮ ಬ್ಯಾರನ್ ಪರವಾನಗಿಗೆ ಇಷ್ಟೇ ಕಿಲೋ ಎಂದು ಲೆಕ್ಕ ಬರುತ್ತದೆ. ಹೆಚ್ಚು ಬೆಳೆದರೆ, ಪರವಾನಗಿ ಇಲ್ಲದೆ ಬೆಳೆದರೆ ದಂಡ. ಕೆಲವು ವರ್ಷ ಬೆಳೆ ಕಡಿಮೆಯಾದಾಗ ಕೇಂದ್ರ ಸರ್ಕಾರ ದಂಡ ಬಿಟ್ಟು ಮಾರಲು ಒಪ್ಪಿಗೆ ಕೊಡುತ್ತದೆ. ಕೆಲವು ವರ್ಷ ಆ ಒಪ್ಪಿಗೆ ಕಾಯುತ್ತ ಬೇಲ್‌ಗಳು ಮನೆಯಲ್ಲೇ ಕೂರುತ್ತವೆ. ಮಳೆಗಾಗಿ ಆಕಾಶ ನೋಡುವ ರೈತ ದಂಡ ಮನ್ನಾಕ್ಕಾಗಿ ದೆಹಲಿಯನ್ನು ನೋಡಬೇಕು.

ಇದಕ್ಕೆ ಇನ್ನೊಂದು ಮುಖವಿದೆ. ಮಂಡಳಿ ಇರುವುದು ವಾಣಿಜ್ಯ ಸಚಿವಾಲಯದ ಕೆಳಗೆ, ಅದಕ್ಕೆ ರಫ್ತು ಬೇಕು. ಅದೇ ಸರ್ಕಾರದ ಆರೋಗ್ಯ ಸಚಿವಾಲಯ ತಂಬಾಕು ಕಡಿಮೆಯಾಗಬೇಕು ಎನ್ನುತ್ತದೆ. 2003ರ ಕಾಯಿದೆ ಸಿಗರೇಟಿನ ಜಾಹೀರಾತು ನಿಲ್ಲಿಸಿತು. 2004ರಲ್ಲಿ ನಮ್ಮ ದೇಶ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅಂಗೀಕರಿಸಿತು. 2016ರ ಏಪ್ರಿಲ್‌ನಿಂದ ಸಿಗರೇಟು ಪೊಟ್ಟಣದ ಶೇಕಡಾ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ ಬಂತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಇದಕ್ಕೇ ಹೇಳಿದಂತಿದೆ. ನಡುವೆ ನೊಗ ಹಿಡಿದು ನಿಂತವನು ಬೆಳೆಗಾರ.

ಆರೋಗ್ಯದವರು ಹೇಳುವುದು ಸುಳ್ಳಲ್ಲ. ಹೊಗೆಸೊಪ್ಪು ಸೇದುವವನಿಗೆ ಕೆಡುಕು, ಸೊಪ್ಪು ಬಿಡಿಸುವ ಹೆಣ್ಣುಮಕ್ಕಳ ಕೈಗೂ ಕೆಡುಕು, ಬ್ಯಾರನ್ ಒಲೆಗೆ ಉರಿಯುವ ಸೌದೆ ಕಾಡಿಗೂ ಕೆಡುಕು. ಆದರೆ ಆ ಒಪ್ಪಂದದ 17ನೇ ವಿಧಿಯಲ್ಲಿ ಇನ್ನೊಂದು ಮಾತೂ ಇದೆ. ತಂಬಾಕು ಬೆಳೆಗಾರರಿಗೆ, ಅದರಲ್ಲಿ ದುಡಿಯುವವರಿಗೆ ಕೈ ಹಿಡಿಯುವ ಬದಲಿ ಕಸುಬಿಗೆ ಸರ್ಕಾರಗಳು ಉತ್ತೇಜನ ಕೊಡಬೇಕು ಎಂದು. ಈ ಒಪ್ಪಂದದ ದೇಶಗಳ ಸಭೆ 2016ರ ನವೆಂಬರ್‌ನಲ್ಲಿ ದೆಹಲಿಯ ಪಕ್ಕದಲ್ಲೇ ನಡೆಯಿತು. ಪೊಟ್ಟಣದ ಮೇಲಿನ ಚಿತ್ರ ಎಲ್ಲರಿಗೂ ಗೊತ್ತು. 17ನೇ ವಿಧಿ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ನಮಗೆ ಗೊತ್ತಿಲ್ಲದ ಹಕ್ಕನ್ನು ಯಾರೂ ಮನೆಗೆ ತಂದುಕೊಡುವುದಿಲ್ಲ. ಮುಸುಕಿನ ಜೋಳಕ್ಕೆ, ರಾಗಿಗೆ, ರೇಷ್ಮೆಗೆ ಹೊಗೆಸೊಪ್ಪಿನಂತೆ ಹರಾಜು ಕಟ್ಟೆಯ ಭದ್ರತೆ ಕೊಡಿ, ಬಿಡುತ್ತೇವೆ ಎಂದು ಕೇಳಬೇಕಾದವರು ನಾವು.

ನಾಲೆಯ ತೂಬು ಎಲ್ಲಿದೆ?

ಕೆ.ಆರ್. ನಗರದ ಭತ್ತದ ರೈತರು ತಮಗೆ ಈ ತಾಪತ್ರಯವಿಲ್ಲ ಎಂದುಕೊಳ್ಳಬೇಡಿ. ಚಾಮರಾಜ ನಾಲೆಗಾಗಲಿ, ಹಾರಂಗಿ ನಾಲೆಗಾಗಲಿ ನೀರು ಎಂದು ಬಿಡಬೇಕು, ಕಟ್ಟು ಪದ್ಧತಿ ಹೇಗೆ ಎಂಬುದನ್ನು ನೀರಾವರಿ ಸಲಹಾ ಸಮಿತಿಯ ಸಭೆ ತೀರ್ಮಾನಿಸುತ್ತದೆ. ಅದಕ್ಕೂ ಮೇಲೆ ಕಾವೇರಿಯ ಲೆಕ್ಕವಿದೆ. 1991ರ ಜೂನ್‌ನಲ್ಲಿ ನ್ಯಾಯಮಂಡಳಿ ಕೊಟ್ಟ ಮಧ್ಯಂತರ ಆದೇಶ ಕರ್ನಾಟಕದ ಕಾವೇರಿ ಸೀಮೆಯ ನೀರಾವರಿ 11.2 ಲಕ್ಷ ಎಕರೆ ಮೀರಬಾರದು ಎಂದಿತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದ ನೀರನ್ನು 177.25 ಟಿಎಂಸಿ ಎಂದು ಗೊತ್ತುಮಾಡಿತು. ನಿಮ್ಮ ಗದ್ದೆಯ ಬದುವಿಗೂ ಈ ಅಂಕಿಗೂ ನಂಟಿದೆ.

ಎಚ್.ಡಿ. ಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ತಿಯಾಯಿತು, 19.52 ಟಿಎಂಸಿ ನೀರು ನಿಂತಿತು. ನೀರು ನಿಂತ ಜಾಗದಲ್ಲಿ ಅವರ ಊರುಗಳಿದ್ದವು. ನಾಲೆ ಹೋದದ್ದು ಬಹುಪಾಲು ಕೆಳಗಿನ ತಾಲ್ಲೂಕುಗಳಿಗೆ. ಮುಳುಗಿದವರಿಗೆ ರಾಜಕೀಯ ಬೇಡವಾಗಿತ್ತು, ರಾಜಕೀಯಕ್ಕೆ ಅವರ ನೆಲ ಬೇಕಾಗಿತ್ತು.

ಪತ್ರಿಕೆ, ರೇಡಿಯೊ, ಫೋನು

ಇಷ್ಟೆಲ್ಲ ನಡೆಯುವಾಗ ನಮಗೆ ತಲುಪುವ ಸುದ್ದಿ ಯಾವುದು? ಪತ್ರಿಕೆಯ ಪುಟದಲ್ಲೇ ಈ ಮಾತು ಬರೆಯುವುದಕ್ಕೆ ಹಿಂಜರಿಯಬಾರದು. ಯಾವ ನಾಯಕ ಯಾರ ಮೇಲೆ ಹರಿಹಾಯ್ದ ಎಂಬುದು ಮೊದಲ ಪುಟ. ಬೆಳೆ ಮಿತಿ, ನೀರು ಬಿಡುವ ದಿನ, ಬೆಳೆ ವಿಮೆಯ ಕೊನೆಯ ದಿನಾಂಕ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಟಿ.ವಿ.ಯಲ್ಲಿ ಆ ನಾಲ್ಕು ಸಾಲೂ ಇಲ್ಲ, ಸಂಜೆಯೆಲ್ಲ ಕೂಗಾಟ. ಫೋನಿನಲ್ಲಂತೂ ಯಾರು ಬರೆದರು ಎಂದೇ ಗೊತ್ತಾಗದ ಸಂದೇಶ ಊರಿಂದೂರಿಗೆ ಹಾರುತ್ತದೆ.

ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಶುರುಮಾಡಿದರು, ಅದೇ ಆಕಾಶವಾಣಿ. ಮುಂದೆ ರೇಡಿಯೊ ಸರ್ಕಾರದ ಕೈಯಲ್ಲಿತ್ತು. ಬಿತ್ತನೆ ಬೀಜ, ಗೊಬ್ಬರ, ರೋಗ ನಿವಾರಣೆಯ ಮಾತನ್ನು ಅದು ಹಟ್ಟಿ ಹಟ್ಟಿಗೆ ಮುಟ್ಟಿಸಿತು. ಅದೇ ರೇಡಿಯೊ 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗಿನ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರಕ್ಕೆ ಬೇಕಾದ್ದನ್ನಷ್ಟೇ ಹೇಳಿತು. ಪತ್ರಿಕೆಗಳಿಗೂ ಸೆನ್ಸಾರ್ ಬಿತ್ತು. ನಮ್ಮ ಕಡೆ ಗೇಣಿದಾರರು ಏಳನೇ ನಮೂನೆ ಹಿಡಿದು ಓಡಾಡುತ್ತಿದ್ದದ್ದೂ ಅದೇ ದಿನಗಳಲ್ಲಿ. ಒಂದೇ ಆಳ್ವಿಕೆಯ ಕಾಲದಲ್ಲಿ ನೆಲವೂ ಸಿಗಬಹುದು, ಬಾಯಿಗೆ ಬೀಗವೂ ಬೀಳಬಹುದು. ಎರಡನ್ನೂ ಬೇರೆ ಬೇರೆ ತೂಗಿ ನೋಡುವ ಬುದ್ಧಿ ನಮಗಿರಬೇಕು.

ಸರ್ಕಾರಿ ಜಾಹೀರಾತುಗಳನ್ನೂ ಹಾಗೆಯೇ ನೋಡಿ. ನಾಯಕರ ಭಾವಚಿತ್ರ ಹಾಕುವುದಕ್ಕೆ 2015ರಲ್ಲಿ ಸುಪ್ರೀಂ ಕೋರ್ಟು ಕಡಿವಾಣ ಹಾಕಿತ್ತು. 2016ರಲ್ಲಿ ಮುಖ್ಯಮಂತ್ರಿ, ಮಂತ್ರಿಗಳ ಚಿತ್ರಕ್ಕೆ ಮತ್ತೆ ಅವಕಾಶ ಸಿಕ್ಕಿತು. ಪುಟ ತುಂಬ ನಗುವ ಆ ಮುಖದ ಖರ್ಚು ನಿಮ್ಮ ತೆರಿಗೆಯದು. ಆ ಮುಖವನ್ನು ಬಿಟ್ಟು ಕೆಳಗಿನ ಸಣ್ಣ ಅಕ್ಷರ ಓದಿ. ಯೋಜನೆಯ ಷರತ್ತು ಅಲ್ಲಿರುತ್ತದೆ.

ಒಂದು ಊರು ಎರಡಾದಾಗ

ಗದ್ದಲವನ್ನೇ ರಾಜಕೀಯ ಎಂದುಕೊಂಡದ್ದರಿಂದ ಆದ ಇನ್ನೊಂದು ನಷ್ಟ ಊರಿನೊಳಗಿನದು. ಮಾರಿಹಬ್ಬದ ಫ್ಲೆಕ್ಸಿನಲ್ಲಿ ದೇವರ ಚಿತ್ರ ಚಿಕ್ಕದು, ಮುಖಂಡರ ಚಿತ್ರ ದೊಡ್ಡದು. ಊರ ಹುಡುಗರು ತಿಂಗಳುಗಟ್ಟಲೆ ಕಲಿತ ಕುರುಕ್ಷೇತ್ರ ನಾಟಕ ಮುಖ್ಯ ಅತಿಥಿಗಳ ಭಾಷಣ ಮುಗಿಯುವವರೆಗೆ ಬಣ್ಣ ಹಚ್ಚಿಕೊಂಡು ಕಾಯಬೇಕು. ಹಾಲಿನ ಸಂಘದ ಚುನಾವಣೆ ಮುಗಿದ ಮೇಲೂ ಅಣ್ಣ ತಮ್ಮಂದಿರು ಮಾತಾಡುವುದಿಲ್ಲ. ಈ ಪಕ್ಷದವರಿಗೆ ಒಂದು ಟೀ ಅಂಗಡಿ, ಆ ಪಕ್ಷದವರಿಗೆ ಇನ್ನೊಂದು. ಮೇಲಿನ ನಾಯಕರು ಪಕ್ಷ ಬದಲಿಸಿ ಒಂದೇ ವೇದಿಕೆಯಲ್ಲಿ ಹಾರ ಹಾಕಿಸಿಕೊಳ್ಳುತ್ತಾರೆ, ಕೆಳಗೆ ನಮ್ಮ ಮುನಿಸು ಹಾಗೇ ಉಳಿಯುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬಂತೆ ಊರು ಬಡವಾಗುತ್ತದೆ. ಆದರೆ ಹೊಗೆಸೊಪ್ಪಿನ ದರ ಬಿದ್ದಾಗ ಈ ಪಕ್ಷದವನ ಬೇಲ್‌ಗೆ ಒಂದು ದರ, ಆ ಪಕ್ಷದವನ ಬೇಲ್‌ಗೆ ಇನ್ನೊಂದು ದರ ಬರುವುದನ್ನು ಯಾರಾದರೂ ಕಂಡಿದ್ದೀರಾ?

ಆಗಬೇಕಾದ್ದೇನು?

ದೊಡ್ಡ ಕೆಲಸವೇನೂ ಅಲ್ಲ. ಮೊದಲನೆಯದು, ವಾಚನಾಲಯದಲ್ಲಿ ಒಂದು ನೋಟ್‌ಬುಕ್ ಇಡಿ. ವಾರಕ್ಕೊಮ್ಮೆ ಕೃಷಿ, ನೀರು, ಜಮೀನು, ತಂಬಾಕಿಗೆ ಸಂಬಂಧಿಸಿದ ಆದೇಶಗಳ ಸುದ್ದಿಯನ್ನು ಅದರಲ್ಲಿ ಅಂಟಿಸಿ, ಕೊನೆಯ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಎರಡನೆಯದು, ಓದು ಬಲ್ಲ ಹುಡುಗ ಹುಡುಗಿಯರಿಂದ ಅದನ್ನು ವಾರಕ್ಕೊಂದು ಸಂಜೆ ಗಟ್ಟಿಯಾಗಿ ಓದಿಸಿ, ಹೆಂಗಸರನ್ನೂ ಕರೆಯಿರಿ. ಬೇಲ್ ಕಟ್ಟುವ, ನಾಟಿ ಮಾಡುವ ಕೈ ಅವರದು, ಕೇಳುವ ಹಕ್ಕೂ ಅವರದು. ಮೂರನೆಯದು, ಗ್ರಾಮಸಭೆಗೆ ಹೋಗಿ, ನೋಟ್‌ಬುಕ್ ಹಿಡಿದುಕೊಂಡೇ ಹೋಗಿ. ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ, ಒಂದು ಅರ್ಜಿ ಬರೆಯಿರಿ. ನಾಲ್ಕನೆಯದು, ಮತ ಕೇಳಲು ಬಂದವರನ್ನು ಪಕ್ಷ ನೋಡದೆ ಒಂದೇ ಪ್ರಶ್ನೆ ಕೇಳಿ: "ನಮ್ಮ ಬ್ಯಾರನ್ ಮುಚ್ಚುವ ದಿನ ಬಂದರೆ ಬದಲಿಗೆ ಏನು ಇಟ್ಟಿದ್ದೀರಿ?" ಎರಡು ಟೀ ಅಂಗಡಿಯವರೂ ಒಂದೇ ಪ್ರಶ್ನೆ ಕೇಳಿದ ದಿನ ಉತ್ತರ ಬರುತ್ತದೆ.

ಹೊಗೆಸೊಪ್ಪಿನ ಭವಿಷ್ಯ ಇಂದಲ್ಲ ನಾಳೆ ಎಲ್ಲೋ ಒಂದು ಕೋಣೆಯಲ್ಲಿ ತೀರ್ಮಾನವಾಗುತ್ತದೆ. 1974ರಲ್ಲಿ ಸುದ್ದಿ ತಿಳಿದವನಿಗೆ ನೆಲ ಸಿಕ್ಕಿತು. ಆ ತೀರ್ಮಾನ ನಮಗೆ ಮೊದಲೇ ತಿಳಿಯಬೇಕೋ, ಬ್ಯಾರನ್ ಒಲೆ ಆರಿದ ಮೇಲೆ ತಿಳಿಯಬೇಕೋ ಎಂಬುದು ಈ ವಾಚನಾಲಯದ ಬೆಂಚಿನ ಮೇಲೆ ಕುಳಿತ ನಿಮ್ಮ ಕೈಯಲ್ಲೇ ಇದೆ.