ನಾಮಫಲಕವೂ ಪಾಠಶಾಲೆಯೂ

ಮೇ ತಿಂಗಳು ಬಂತೆಂದರೆ ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಗೆ ಹೊರಡುವ ರಸ್ತೆಗಳಲ್ಲಿ ಶಾಲೆಗಳ ನಾಮಫಲಕಗಳು ಹೊಸ ಬಣ್ಣ ತಳೆಯುತ್ತವೆ. ಒಂದು ಕಾಲಕ್ಕೆ ‘ಕಾನ್ವೆಂಟ್’ ಎಂಬ ಮಾತಿಗಿದ್ದ ಮರ್ಯಾದೆ ಈಗ ‘ಇಂಟರ್‌ನ್ಯಾಷನಲ್’ ಎಂಬ ಮಾತಿಗೆ ಸಂದಿದೆ. ಮಗುವಿನ ಕೈಹಿಡಿದು ಈ ಫಲಕದ ಕೆಳಗೆ ನಿಲ್ಲುವ ತಂದೆತಾಯಿಗಳನ್ನು ಹಾಸ್ಯಮಾಡುವುದು ಸುಲಭ. ಆದರೆ ಅದು ನ್ಯಾಯವಲ್ಲ. ತಮಗೆ ದಕ್ಕದ ಲೋಕ ತಮ್ಮ ಮಕ್ಕಳಿಗಾದರೂ ದಕ್ಕಲಿ ಎಂಬುದು ಅವರ ಹಂಬಲ. ಆ ಹಂಬಲಕ್ಕೆ ತಕ್ಕ ಶಾಲೆ ಯಾವುದು, ಅದಕ್ಕೆ ತೆರಬಹುದಾದ ಬೆಲೆ ಎಷ್ಟು ಎಂಬುದನ್ನು ತಾಳ್ಮೆಯಿಂದ ವಿಚಾರಮಾಡುವುದು ಅಗತ್ಯವಾಗಿದೆ.

ಮೊದಲು ಆ ಹೆಸರಿನ ಹುಟ್ಟನ್ನು ನೋಡೋಣ. 1924ರಲ್ಲಿ ಜಿನೀವಾ ನಗರದಲ್ಲಿ ರಾಷ್ಟ್ರಸಂಘವೇ ಮೊದಲಾದ ಸಂಸ್ಥೆಗಳ ನೌಕರರ ಮಕ್ಕಳಿಗಾಗಿ ಒಂದು ಅಂತರರಾಷ್ಟ್ರೀಯ ಶಾಲೆ ತೆರೆಯಿತು. ನಾನಾ ದೇಶಗಳಿಂದ ಬಂದು ಮತ್ತೆ ನಾನಾ ದೇಶಗಳಿಗೆ ಹೋಗಬೇಕಾದವರ ಮಕ್ಕಳ ಓದು ನಡುವೆ ಕಡಿದುಹೋಗಬಾರದೆಂಬುದು ಅಲ್ಲಿದ್ದ ಅಗತ್ಯ. 1968ರಲ್ಲಿ ಅದೇ ನಗರದಲ್ಲಿ ಸ್ಥಾಪಿತವಾದ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಪರೀಕ್ಷಾಕ್ರಮವೂ ಇದೇ ಅಗತ್ಯದಿಂದ ಬಂದದ್ದು. ಚೆನ್ನೈ ಬಳಿ 1998ರಲ್ಲಿ ಉತ್ಪಾದನೆ ಆರಂಭಿಸಿದ ಹ್ಯುಂಡೈ ಕಾರು ಕಾರ್ಖಾನೆಗಾಗಲಿ ಬೆಂಗಳೂರಿನ ಕಚೇರಿಗಳಿಗಾಗಲಿ ಕೆಲಸಕ್ಕೆಂದು ಬರುವ ಕೊರಿಯಾದ ಕುಟುಂಬಗಳು ಇಂಥ ಶಾಲೆಯನ್ನು ಅರಸುವುದಕ್ಕೂ ಇದೇ ಕಾರಣ. ಕೆಲವು ವರ್ಷಗಳ ಮೇಲೆ ಅವರು ಸ್ವದೇಶಕ್ಕೋ ಮೂರನೆಯ ದೇಶಕ್ಕೋ ಹೋಗುವವರು; ಇಲ್ಲಿ ಓದಿದ್ದಕ್ಕೆ ಅಲ್ಲಿ ಮನ್ನಣೆ ಸಿಗಬೇಕು. ಶುಲ್ಕವನ್ನು ಕಂಪನಿ ಭರಿಸದಿದ್ದರೆ ಅವರೂ ಕೈಲಾಗುವ ಶಾಲೆಯನ್ನೇ ಹುಡುಕಬೇಕಾಗುತ್ತದೆ.

ಇಲ್ಲಿ ಗಮನಿಸತಕ್ಕ ಮತ್ತೊಂದು ಸಂಗತಿಯಿದೆ. ಲೋಕದ ಅನೇಕ ನಗರಗಳಲ್ಲಿ ನೆಲೆಸಿದ ಕೊರಿಯನ್ನರು ವಾರದ ಕೊನೆಯಲ್ಲಿ ತಮ್ಮ ಮಕ್ಕಳಿಗಾಗಿ ಹಂಗುಲ್ ಶಾಲೆಗಳನ್ನು ನಡೆಸುತ್ತಾರೆ. ವಾರವೆಲ್ಲ ಇಂಗ್ಲಿಷಿನಲ್ಲಿ ಓದಿದ ಮಗು ರಜದ ದಿನ ತನ್ನ ಲಿಪಿಯನ್ನು ತಿದ್ದುತ್ತದೆ. ಅಂತರರಾಷ್ಟ್ರೀಯ ಶಾಲೆಯನ್ನು ನಿಜವಾದ ಅಗತ್ಯದಿಂದ ಆರಿಸಿಕೊಂಡವರೇ ಸ್ವಭಾಷೆ ತಪ್ಪದಂತೆ ಇಷ್ಟು ಎಚ್ಚರ ವಹಿಸುತ್ತಿರುವಾಗ, ಊರು ಬಿಡದ ನಮ್ಮ ಮಗುವಿಗೆ ಶಾಲೆಯ ಆವರಣದಲ್ಲಿ ಕನ್ನಡವಾಡಿದರೆ ದಂಡವೆಂದು ಹೇಳುವುದು ಯಾವ ವಿವೇಕ?

ಇನ್ನು ಹಣದ ಮಾತು. ಹಾಸನದ ಸುತ್ತಿನ ರೈತ ಪಂಜಾಬಿನ ಜಲಂಧರದಿಂದ ಬರುವ ಬಿತ್ತನೆ ಆಲೂಗೆಡ್ಡೆಯನ್ನು ಕೊಳ್ಳುವುದು ಮುಂಗಾರಿಗೆ ಮುನ್ನ. ಶಾಲೆಯ ಶುಲ್ಕ ಕಟ್ಟಬೇಕಾದುದೂ ಆಗಲೇ. ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಗಾರನಿಗೆ ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಹಣ ಕಾಣುವುದು ಮಳೆಗಾಲ ಕಳೆದ ಮೇಲೆ. ಹೊಲವೂ ಶಾಲೆಯೂ ಒಂದೇ ತಿಂಗಳಲ್ಲಿ ಕೈಚಾಚುವುದರಿಂದ ಸಾಲ ಅನಿವಾರ್ಯವಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಬಲ್ಲ ಮನೆಗಳಲ್ಲೇ ಮಗುವಿನ ವಿಷಯಕ್ಕೆ ಬಂದಾಗ ಹಾಸಿಗೆಯ ಅಳತೆ ಮರೆತುಹೋಗುತ್ತದೆ. ಮೊದಲ ವರ್ಷದ ಶುಲ್ಕವನ್ನು ಮಾತ್ರ ಎಣಿಸದೆ, ವ್ಯಾನು, ಸಮವಸ್ತ್ರ, ಪುಸ್ತಕ, ಮನೆಪಾಠಗಳನ್ನು ಸೇರಿಸಿ ಹತ್ತು ವರ್ಷಗಳ ಲೆಕ್ಕ ಹಾಕಬೇಕು. ಐದನೆಯ ತರಗತಿಯಲ್ಲಿ ಹಣ ಸಾಲದೆ ಶಾಲೆ ಬಿಡಿಸಿದಾಗ ನೋಯುವುದು ಮಗುವಿನ ಮನಸ್ಸು. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಖಾಸಗಿ ಶಾಲೆಗಳಲ್ಲಿ ಬಡಮಕ್ಕಳಿಗೆ ಶೇಕಡ 25ರಷ್ಟು ಸ್ಥಾನಗಳು ಮೀಸಲಾದವು. ಸರ್ಕಾರಿ ಅಥವಾ ಅನುದಾನಿತ ಶಾಲೆ ಹತ್ತಿರವಿದ್ದ ಕಡೆ ಅದು ಅನ್ವಯಿಸದಂತೆ 2019ರ ಹೊತ್ತಿಗೆ ನಮ್ಮ ರಾಜ್ಯ ನಿಯಮವನ್ನು ಬದಲಿಸಿದ ಮೇಲೆ ಆ ಬಾಗಿಲು ಬಹಳ ಕಿರಿದಾಯಿತು.

ಮಾಧ್ಯಮದ ಪ್ರಶ್ನೆಯನ್ನು ಕಾನೂನು ಪೋಷಕರ ಕೈಗೇ ಬಿಟ್ಟಿದೆ. ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷೆಯನ್ನೇ ಮಾಧ್ಯಮವಾಗಿಸಬೇಕೆಂದಿದ್ದ ರಾಜ್ಯದ 1994ರ ಆಜ್ಞೆಯನ್ನು ಕುರಿತು 2014ರ ಮೇ 6ರಂದು ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯ, ಸರ್ಕಾರ ಹಾಗೆ ಹೇರಲಾಗದೆಂದಿತು. ಆಯ್ಕೆಯ ಹಕ್ಕೇನೋ ದೊರೆಯಿತು. ಆಯುವ ವಿವೇಕವನ್ನು ಯಾವ ನ್ಯಾಯಾಲಯವೂ ಕೊಡಲಾರದು. ತನಗೇ ಇಂಗ್ಲಿಷು ಸರಾಗವಾಗಿ ಬಾರದ ಉಪಾಧ್ಯಾಯರು, ಅದನ್ನು ಮನೆಯಲ್ಲಿ ಎಂದೂ ಕೇಳದ ಮಗುವಿಗೆ, ಅದರಲ್ಲೇ ಗಣಿತವನ್ನೂ ವಿಜ್ಞಾನವನ್ನೂ ಹೇಳಿದರೆ ಮಗು ಬಾಯಿಪಾಠ ಒಪ್ಪಿಸುತ್ತದೆಯೇ ಹೊರತು ಪ್ರಶ್ನೆ ಕೇಳುವುದಿಲ್ಲ. ಇಂಗ್ಲಿಷು ಬೇಕೆಂಬುದರಲ್ಲಿ ವಿವಾದವಿಲ್ಲ. ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದು ಬೇರೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೆಟ್ಟದಾಗಿ ಕಲಿಸುವುದು ಬೇರೆ.

ಈ ನೆಲದ ಸಾಹಿತ್ಯವೇ ಇದಕ್ಕೆ ಸಾಕ್ಷಿ. 1908ರಲ್ಲಿ ಹಾಸನದಲ್ಲಿ ಹುಟ್ಟಿ ಫ್ರಾನ್ಸಿನವರೆಗೆ ಹೋಗಿ ಓದಿದ ರಾಜಾರಾವ್, 1938ರಲ್ಲಿ ಪ್ರಕಟವಾದ ‘ಕಾಂತಾಪುರ’ದ ಇಂಗ್ಲಿಷಿಗೆ ನಮ್ಮ ಹಳ್ಳಿಯ ಅಜ್ಜಿಯೊಬ್ಬಳ ಕಥನದ ಉಸಿರನ್ನು ತುಂಬಿದರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಕಡುಬಡತನದಲ್ಲಿ ಬೆಳೆದ ಎಸ್. ಎಲ್. ಭೈರಪ್ಪನವರು ಕನ್ನಡದಲ್ಲೇ ಬರೆದು ಭಾರತದ ನಾನಾ ಭಾಷೆಗಳ ಓದುಗರನ್ನು ಮುಟ್ಟಿದರು. ಒಬ್ಬರು ಹೊರಭಾಷೆಯಲ್ಲಿ ಊರನ್ನು ಕಂಡರು. ಇನ್ನೊಬ್ಬರು ಊರಭಾಷೆಯಲ್ಲಿ ಲೋಕವನ್ನು ಕಂಡರು. ಕನ್ನಡವನ್ನು ತೊರೆದು ಇಬ್ಬರೂ ದೊಡ್ಡವರಾಗಲಿಲ್ಲ.

ಹೊರಗಿನ ಲೋಕಕ್ಕೆ ಮಗುವನ್ನು ಒಯ್ಯುವ ಶಾಲೆ ದುಬಾರಿಯೇ ಆಗಿರಬೇಕೆಂದಿಲ್ಲ. ಹೊಳೆನರಸೀಪುರ ತಾಲ್ಲೂಕಿನ ಮಾವಿನಕೆರೆಯ ಜವಾಹರ್ ನವೋದಯ ವಿದ್ಯಾಲಯವನ್ನು ನೋಡಬಹುದು. 1986ರ ಶಿಕ್ಷಣ ನೀತಿಯ ಫಲವಾದ ಈ ಶಾಲೆಗಳಲ್ಲಿ ಆರನೆಯ ತರಗತಿಗೆ ಪ್ರವೇಶಪರೀಕ್ಷೆ. ಅದನ್ನು ಕನ್ನಡದಲ್ಲೇ ಬರೆಯಬಹುದು. ಸ್ಥಾನಗಳಲ್ಲಿ ಕನಿಷ್ಠ ಶೇಕಡ 75 ಗ್ರಾಮಾಂತರದ ಮಕ್ಕಳಿಗೆ. ಊಟ ವಸತಿಗಳಿಗೆ ಹಣವಿಲ್ಲ. ಮೊದಲ ವರ್ಷಗಳಲ್ಲಿ ಪ್ರಾದೇಶಿಕ ಭಾಷೆಗೆ ಸ್ಥಾನವಿತ್ತು, ಮುಂದೆ ಇಂಗ್ಲಿಷಿಗೆ ಸಾಗುವ ಕ್ರಮ ಅಲ್ಲಿಯದು. ಒಂಬತ್ತನೆಯ ತರಗತಿಯಲ್ಲಿ ಕೆಲವು ಮಕ್ಕಳನ್ನು ಒಂದು ವರ್ಷ ಹಿಂದಿ ನಾಡಿನ ನವೋದಯಕ್ಕೆ ಕಳುಹಿಸಿ, ಅಲ್ಲಿನವರನ್ನು ಇಲ್ಲಿಗೆ ಕರೆಸುವ ಪದ್ಧತಿಯೂ ಉಂಟು. ಆದರೆ ಜಿಲ್ಲೆಗೆಲ್ಲ ವರ್ಷಕ್ಕೆ ಸುಮಾರು 80 ಸ್ಥಾನ. ಉಳಿದ ಸಾವಿರಾರು ಮಕ್ಕಳ ಹೊಣೆ ಊರಿನ ಸರ್ಕಾರಿ ಶಾಲೆಯ ಮೇಲೆಯೇ ಇದೆ. 2019ರಲ್ಲಿ ರಾಜ್ಯ ಸರ್ಕಾರ 1000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ವಿಭಾಗ ತೆರೆದರೆ ಸಾಲದು; ತರಗತಿಗೊಬ್ಬ ಉಪಾಧ್ಯಾಯರು, ಇಂಗ್ಲಿಷನ್ನು ಭಾಷೆಯಾಗಿ ಕಲಿಸಬಲ್ಲ ತರಬೇತಿ, ಮಕ್ಕಳ ಕೈಗೆ ಸಿಗುವ ಪುಸ್ತಕಭಂಡಾರ ಇವು ಬೇಕು.

ಈ ಬೇಸಗೆಯಲ್ಲಿ ಶಾಲೆ ನೋಡಲು ಹೊರಟವರು ಕಟ್ಟಡವನ್ನು ನೋಡುವ ಮೊದಲು ಕೆಲವು ಮಾತು ಕೇಳಲಿ. ಶಾಲೆಗೆ ಯಾವ ಪಠ್ಯಕ್ರಮದ ಮಾನ್ಯತೆಯಿದೆ, ಅದರ ಪತ್ರವೆಲ್ಲಿ? ಒಂದನೆಯ ತರಗತಿಗೆ ಪಾಠ ಹೇಳುವವರು ಯಾರು, ಎಷ್ಟು ವರ್ಷದಿಂದ ಇದ್ದಾರೆ? ಅರ್ಥವಾಗದ್ದನ್ನು ಮಗು ಕನ್ನಡದಲ್ಲಿ ಕೇಳಬಹುದೇ? ಇವಕ್ಕೆ ನೇರವಾದ ಉತ್ತರ ಕೊಡುವ ಶಾಲೆ ಸರ್ಕಾರದ್ದಾಗಲಿ ಖಾಸಗಿಯದಾಗಲಿ, ಅದರ ಮೇಲೆ ಯಾವ ಫಲಕವೇ ಇರಲಿ, ಮಗುವನ್ನು ಅಲ್ಲಿ ನಿಶ್ಚಿಂತೆಯಿಂದ ಬಿಟ್ಟುಬರಬಹುದು.