ಹೊಲಿಗೆಯ ಯಂತ್ರವನ್ನು ಆರಿಸತಕ್ಕವರು ಯಾರು?

ನಮ್ಮ ನಾಡಿನಲ್ಲಿ ಹೊಲಿಗೆಯ ಯಂತ್ರಗಳನ್ನು ಹಂಚುವ ಸಮಾರಂಭಗಳಿಗೆ ಕೊರತೆಯಿಲ್ಲ. ಸರಕಾರದ ಇಲಾಖೆಗಳೂ ಧರ್ಮಸಂಸ್ಥೆಗಳೂ ಬಡ ಹೆಣ್ಣುಮಕ್ಕಳ ಕೈಗೆ ಉದ್ಯೋಗವನ್ನೀಯಲು ಯತ್ನಿಸುತ್ತಿರುವದು ಸ್ತುತ್ಯವೇ ಸರಿ. ಆದರೆ ಸಾಲಾಗಿಟ್ಟ ಆ ಯಂತ್ರಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ಅವನ್ನು ಪಡೆಯುವವರ ಕೆಲಸಗಳಾದರೋ ಹತ್ತು ಬಗೆಯವು. ಸೀರೆಗೆ ಫಾಲು ಹಚ್ಚುವವಳಿಗೂ, ಶಾಲೆಯ ಸಮವಸ್ತ್ರ ಹೊಲಿಯುವವಳಿಗೂ, ದಪ್ಪ ಚೀಲಗಳನ್ನು ಹೊಲಿಯುವವಳಿಗೂ ಒಂದೇ ಯಂತ್ರವು ಹೇಗೆ ಒಗ್ಗೀತು? ಮನೆಗಾಗಿ ಕೊಳ್ಳುವಾಗಲೂ ಇದೇ ಕಥೆ. ಯಜಮಾನನು ಪೇಟೆಗೆ ಹೋಗಿ ಬಣ್ಣವನ್ನೂ ಬೆಲೆಯನ್ನೂ ನೋಡಿ ತಂದಿಡುವನು, ಹೊಲಿಯುವವಳನ್ನು ಕೇಳುವವರಿಲ್ಲ. ಯಂತ್ರವನ್ನು ಆರಿಸುವ ಹಕ್ಕು ಅದರ ಮುಂದೆ ಕೂಡ್ರುವವರದೇ ಎಂದು ನಾವು ಸ್ಪಷ್ಟವಾಗಿ ಹೇಳಬಯಸುವೆವು.

ಅಮೇರಿಕೆಯಲ್ಲಿ 1846ರಲ್ಲಿ ಎಲಿಯಾಸ್ ಹೋವ್ ಎಂಬಾತನೂ, 1851ರಲ್ಲಿ ಐಸಾಕ್ ಸಿಂಗರನೂ ಈ ಯಂತ್ರಕ್ಕೆ ಪೇಟೆಂಟು ಪಡೆದರು. ಯಂತ್ರಗಳ ವಿಷಯದಲ್ಲಿ ಬಹು ಕಠಿಣರಾಗಿದ್ದ ಮಹಾತ್ಮಾ ಗಾಂಧಿಯವರು 1924ರಲ್ಲಿ ಸಿಂಗರನ ಯಂತ್ರವನ್ನು ಅಪವಾದವೆಂದು ಎಣಿಸಿದರು. ಯಂತ್ರಕ್ಕಿಂತ ಮನುಷ್ಯನು ಮೊದಲು ಎಂಬುದೇ ಅವರ ಅಳತೆಗೋಲು. ಕೊಳ್ಳುವಾಗಲೂ ಕೊಡುವಾಗಲೂ ನಮ್ಮ ಅಳತೆಗೋಲು ಅದೇ ಆಗಿರತಕ್ಕದ್ದು.

ಯಾವ ಬಟ್ಟೆ, ದಿನಕ್ಕೆ ಎಷ್ಟು ತಾಸು, ಎಂಥ ಮನೆ ಎಂಬ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರವಾಗಬೇಕು. ಅರಿವೆ ಅಂಚಡಿಗಳ ಹರಕನ್ನು ಹೊಲಿದುಕೊಂಡು, ಆಗಾಗ ಒಂದು ಕುಪ್ಪಸ ಹೊಲಿಯುವ ಮನೆಗೆ ಕೈಯಿಂದ ತಿರುಗಿಸುವ ಯಂತ್ರವೇ ಸಾಕು. ಅದಕ್ಕೆ ಸ್ಥಳವೂ ಬೆಲೆಯೂ ಕಡಿಮೆ. ಆದರೆ ಬಲಗೈ ಗಾಲಿಯ ಮೇಲಿರುವದರಿಂದ ಬಟ್ಟೆಯನ್ನು ಎಡಗೈಯೊಂದೇ ನಡೆಸಬೇಕಾಗುವದು. ಕಾಲಿನಿಂದ ತುಳಿಯುವ ಯಂತ್ರದಲ್ಲಿ ಎರಡೂ ಕೈಗಳು ಬಿಡುವಾಗಿರುವವು. ವಿದ್ಯುತ್ತು ಹೋದರೂ ಕೆಲಸ ನಿಲ್ಲದು. ಮೊಣಕಾಲು ಸೋತ ಕಾಲಕ್ಕೆ ಚಿಕ್ಕ ಮೋಟಾರನ್ನು ಜೋಡಿಸಿಕೊಳ್ಳಲೂ ಬರುವದು. ಗುಳೇದಗುಡ್ಡದ ಖಣ, ಅಂಗಿ, ಸಮವಸ್ತ್ರ ಇವುಗಳನ್ನು ಹೊಲಿದು ನಾಲ್ಕು ಕಾಸು ಗಳಿಸುವವಳಿಗೆ ಈ ಕರಿಯ ಕಬ್ಬಿಣದ ಯಂತ್ರದಂಥ ಆಪ್ತನಿಲ್ಲ.

ಆದರೆ ಇದು ನೇರ ಹೊಲಿಗೆಯನ್ನಷ್ಟೇ ಹಾಕುವದು. ಸೀರೆಯ ಅಂಚಿಗೆ ಪೀಕೋ, ಗುಂಡಿಗೆ ಕಾಜು, ಹಿಗ್ಗುವ ಬಟ್ಟೆಯ ಹೊಲಿಗೆ ಬೇಕಾದರೆ ಸೂಜಿಯು ಎಡಬಲಕ್ಕೆ ಆಡುವ ಜಿಗ್‌ಜಾಗ್ ಯಂತ್ರವನ್ನೇ ಕೊಳ್ಳಬೇಕು. ಹತ್ತಾರು ಚಿತ್ರಹೊಲಿಗೆಗಳನ್ನು ತೋರಿಸುವ ಹಗುರಾದ ವಿದ್ಯುದ್ಯಂತ್ರಗಳು ಮನೆಗೆಲಸಕ್ಕೆ ಚೆನ್ನ. ದಿನವಿಡೀ ದಪ್ಪ ಬಟ್ಟೆಯನ್ನು ಅವುಗಳ ಬಾಯಿಗೆ ಕೊಡುವದು ಅನ್ಯಾಯ. ಕಾರಖಾನೆಯ ಯಂತ್ರವು ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆಗಳನ್ನು ಹಾಕಬಲ್ಲದು. ಸಿಂಪಿಗರ ಅಂಗಡಿಗೆ ಅದು ವರವಾದರೆ ಕಲಿಯುವವಳಿಗೆ ಭಯವೇ ಸರಿ. ಬಟ್ಟೆಯ ಅಂಚನ್ನು ಕತ್ತರಿಸುತ್ತ ಕಟ್ಟುವ ಓವರ್‌ಲಾಕ್ ಯಂತ್ರವು ಎರಡನೆಯದಾಗಿ ಕೊಳ್ಳತಕ್ಕದ್ದೇ ಹೊರತು ಮೊದಲನೆಯದಾಗಿ ಅಲ್ಲ. ಇನ್ನು ನಮ್ಮ ಕೌದಿಯ ಅನೇಕ ಪದರುಗಳಿಗೆ ಕೈಸೂಜಿಯೇ ಒಡತಿಯು. ಅಲ್ಲಿ ಯಂತ್ರದ ಹಂಬಲವೇ ಬೇಡ.

ರಿಪೇರಿಯ ಮಾತನ್ನೂ ಮರೆಯಲಾಗದು. ಹಳೆಯ ಮಾದರಿಯ ಯಂತ್ರದ ಸೂಜಿ, ಬಾಬಿನ್, ಪಟ್ಟಿಗಳು ತಾಲೂಕಿನ ಪೇಟೆಯಲ್ಲಿ ಸಿಗುವವು. ಕೈಬಲ್ಲ ಮೇಸ್ತ್ರಿಯು ಅದನ್ನು ಬಿಚ್ಚಿ ಕೂಡಿಸುವನು. ಎಲೆಕ್ಟ್ರಾನಿಕ್ ಯಂತ್ರವು ಕೆಟ್ಟರೆ ಅದನ್ನು ದೊಡ್ಡ ಪಟ್ಟಣಕ್ಕೆ ಒಯ್ಯಬೇಕಾದೀತು. ಅಷ್ಟು ದಿನ ಮನೆಯ ಗಳಿಕೆಯೂ ನಿಂತೀತು.

ಅಂಗಡಿಗೆ ಹೋಗುವಾಗ ಹೊಲಿಯುವವಳೇ ತನ್ನ ಬಟ್ಟೆಯನ್ನು ಒಯ್ಯಲಿ. ತೆಳುವಾದ ಬಟ್ಟೆಗೆ 11ನೆಯ ಅಂಕಿಯ ಸೂಜಿ, ಸಾಧಾರಣ ಹತ್ತಿಯ ಬಟ್ಟೆಗೆ 14, ದಪ್ಪದ್ದಕ್ಕೆ 16 ಇಲ್ಲವೆ 18 ಹಾಕಿಸಿ, ಮಡಿಕೆಗಳ ಮೇಲೆ ತಾನೇ ಹೊಲಿದು ನೋಡಲಿ. ಮೇಲಿನ ಮತ್ತು ಕೆಳಗಿನ ನೂಲುಗಳು ಬಟ್ಟೆಯ ನಡುವೆ ಹೆಣೆದುಕೊಂಡು, ಎರಡೂ ಮಗ್ಗುಲು ಹೊಲಿಗೆಯು ಒಂದೇ ತೆರನಾಗಿ ಕಾಣಬೇಕು. ಬಾಬಿನ್ ಹಾಕುವದು, ನೂಲು ಪೋಣಿಸುವದು, ಎಣ್ಣೆ ಬಿಡುವದು ಇವುಗಳನ್ನು ಅಲ್ಲಿಯೇ ಮಾಡಿ ಕಲಿಯಲಿ.

ವಕೀಲನಾಗಿ ಒಂದು ಮಾತು. ಕಂತಿನ ಮೇಲೆ ಮಾರುವ ಪದ್ಧತಿಯನ್ನು ಸಿಂಗರ್ ಕಂಪನಿಯು 1850ರ ದಶಕದಲ್ಲಿಯೇ ರೂಢಿಗೆ ತಂದಿತು. ಕಂತು ಬಡವರಿಗೆ ಅನುಕೂಲವೇ. ಆದರೆ ಬಡ್ಡಿ ಕೂಡಿದ ಒಟ್ಟು ಮೊತ್ತವನ್ನು ಓದಿಯೇ ಸಹಿ ಮಾಡಬೇಕು. ಪಾವತಿಯನ್ನೂ ಗ್ಯಾರಂಟಿಯ ಪತ್ರವನ್ನೂ ಜೋಪಾನವಾಗಿಡಬೇಕು. ಸ್ವಂತ ದುಡಿಮೆಯಿಂದ ಉಪಜೀವನ ಸಾಗಿಸಲೆಂದೇ ಯಂತ್ರ ಕೊಂಡವಳು 2019ರ ಗ್ರಾಹಕ ಸಂರಕ್ಷಣೆಯ ಕಾಯಿದೆಯ ಮೇರೆಗೆ ಗ್ರಾಹಕಳೇ ಆಗಿರುವಳು. ತಕರಾರಿಗೆ ಕಾರಣವುಂಟಾದ ಎರಡು ವರುಷಗಳೊಳಗೆ, ತಾನು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ಅವಳು ಫಿರ್ಯಾದು ಸಲ್ಲಿಸಬಹುದು.

ಕೊಡುವವರಿಗೂ ಒಂದು ವಿಜ್ಞಾಪನೆ. 2023ರಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಸಿಂಪಿಗರನ್ನೂ ಸೇರಿಸಿ, ಉಪಕರಣಗಳಿಗಾಗಿ 15,000 ರೂಪಾಯಿಗಳ ವರೆಗಿನ ಸಹಾಯವನ್ನು ಗೊತ್ತುಪಡಿಸಲಾಯಿತು. ಇಂಥ ಹಣವು ಸಾರ್ಥಕವಾಗಬೇಕಾದರೆ ಯಂತ್ರದ ಮುಂಚೆ ವಿಚಾರಣೆ ನಡೆಯಬೇಕು. ಊರಿನ ಶಾಲಾಮಾಸ್ತರರು ಮನೆಮನೆಯನ್ನು ಬಲ್ಲವರು. ಯಾವಳಿಗೆ ಯಾವ ಕೆಲಸ ಬರುವದು, ಯಾವುದಕ್ಕೆ ಗಿರಾಕಿ ಇರುವದು ಎಂಬ ಪಟ್ಟಿಯನ್ನು ಅವರು ಒಂದು ರವಿವಾರದಲ್ಲಿ ಸಿದ್ಧಪಡಿಸಬಲ್ಲರು. ಆ ಪಟ್ಟಿಯನ್ನು ಮುಂದಿಟ್ಟುಕೊಂಡು ನಾಲ್ಕು ಮಾದರಿಗಳನ್ನು ತರಿಸಿ, ಹೊಲಿಯುವವರಿಂದಲೇ ಆರಿಸಲಿ. ಹಾಗೆ ಕೊಟ್ಟ ಹತ್ತು ಯಂತ್ರಗಳು ಹತ್ತು ಮನೆಗಳನ್ನು ನಡೆಸುವವು. ಕೇಳದೆ ಕೊಟ್ಟ ನೂರು ಯಂತ್ರಗಳು ಮಾತ್ರ ಅರಿವೆಗಳನ್ನು ಇಡುವ ಮೇಜುಗಳಾಗುವವು.