‘ಜಾಲತಾಣದಲ್ಲಿ ಭಾರೀ ಆಕ್ರೋಶ’: ಯಾರದ್ದು?

ಮೊನ್ನೆ ಮಗ್ರಿಬ್ ಬಳಿಕದ ದರ್ಸ್ ಮುಗಿಸಿ ಹೊರಗೆ ಬರುವಾಗ ಪಿಯುಸಿ ಓದುವ ಹುಡುಗನೊಬ್ಬ ಮೊಬೈಲ್ ಮುಂದೆ ಹಿಡಿದ. “ಉಸ್ತಾದ್, ಇದು ನೋಡಿ. ನಮ್ಮ ಬಗ್ಗೆ ಎಂತೆಲ್ಲ ಬರೆದಿದ್ದಾರೆ” ಅಂದ. ಯಾವುದೋ ಸುದ್ದಿ ವೆಬ್‌ಸೈಟಿನ ಲಿಂಕ್. ತಲೆಬರಹದಲ್ಲಿ ‘ನೆಟ್ಟಿಗರು ಗರಂ’ ಎಂದಿತ್ತು. ನಿಂತಲ್ಲೇ ಪೂರ್ತಿ ಓದಿದೆ. ಗರಂ ಆದ ನೆಟ್ಟಿಗರು ಒಟ್ಟು ಮೂರೇ ಮಂದಿ. ಒಬ್ಬನ ಪ್ರೊಫೈಲ್‌ನಲ್ಲಿ ಸಿಂಹದ ಚಿತ್ರ, ಇನ್ನೊಬ್ಬನ ಹೆಸರಿನ ಅರ್ಧ ಬರೀ ಅಂಕಿ, ಮೂರನೆಯವ ಖಾತೆ ತೆರೆದೇ ಎರಡು ತಿಂಗಳು. ಬರೆದ ವರದಿಗಾರನ ಹೆಸರಿಲ್ಲ. ಯಾರನ್ನೂ ಮಾತಾಡಿಸಿದ ಸುಳಿವಿಲ್ಲ. ಆದರೆ ಓದಿದ ಹುಡುಗನ ಮುಖ ಮಾತ್ರ ಕೆಂಪಾಗಿತ್ತು.

ಅರಬಿ ವ್ಯಾಕರಣ ಕಲಿಸುವಾಗ ಕೆಲಸ ಮಾಡಿದವ ಯಾರು ಎಂದು ಹೇಳದ ಕ್ರಿಯಾಪದಕ್ಕೆ ‘ಮಜ್‌ಹೂಲ್’ ಎನ್ನುತ್ತೇವೆ. ಹದೀಸ್ ಪಾಠದಲ್ಲೂ ಇದೇ ಪದ ಬರುತ್ತದೆ. ಮಾತು ತಲುಪಿಸಿದವನ ಗುರುತು ಪರಿಚಯ ಗೊತ್ತಿಲ್ಲದಿದ್ದರೆ ಅವ ಮಜ್‌ಹೂಲ್, ಅವನ ಮಾತಿನ ಮೇಲೆ ತೀರ್ಪು ಕಟ್ಟುವ ಹಾಗಿಲ್ಲ. ‘ಜಾಲತಾಣದಲ್ಲಿ ಭಾರೀ ಆಕ್ರೋಶ ವ್ಯಕ್ತವಾಗಿದೆ’ ಎಂಬ ವಾಕ್ಯ ಎರಡು ಅರ್ಥದಲ್ಲೂ ಮಜ್‌ಹೂಲ್. ಆದರೂ ಇವತ್ತು ರಾಜಕೀಯ ಸುದ್ದಿಯ ದೊಡ್ಡ ಪಾಲು ಈ ಒಂದು ವಾಕ್ಯದ ಮೇಲೆಯೇ ನಿಂತಿದೆ.

2023ರ ಅಕ್ಟೋಬರ್ ನೆನಪಿಸಿಕೊಳ್ಳಿ. ಕ್ರಿಕೆಟ್ ವಿಶ್ವಕಪ್ ಶುರುವಾಗಿತ್ತು. ಕೊಚ್ಚಿಯ ಲುಲು ಮಾಲ್‌ನಲ್ಲಿ ಆಡುವ ಎಲ್ಲ ದೇಶಗಳ ಬಾವುಟಗಳನ್ನು ಛಾವಣಿಯಿಂದ ಇಳಿಬಿಟ್ಟಿದ್ದರು. ಯಾರೋ ಮೇಲಿನ ಮಹಡಿಯಿಂದ ಫೋಟೊ ತೆಗೆದರು. ಹತ್ತಿರ ಇದ್ದ ಬಾವುಟ ದೊಡ್ಡದಾಗಿಯೂ ದೂರದ್ದು ಚಿಕ್ಕದಾಗಿಯೂ ಕಾಣುವುದು ಕಣ್ಣಿನ ಸಹಜ ಲೆಕ್ಕ. ಆದರೆ ‘ಭಾರತದ ಬಾವುಟಕ್ಕಿಂತ ಪಾಕಿಸ್ತಾನದ್ದು ದೊಡ್ಡದು’ ಎಂಬ ಬರಹದೊಂದಿಗೆ ಆ ಫೋಟೊ ದೇಶ ಸುತ್ತಿತು. ಕೊಚ್ಚಿಯಲ್ಲಿ ಇದ್ದವರು ಯಾರಾದರೂ ಹತ್ತು ನಿಮಿಷ ಹೋಗಿ ನೋಡಿದ್ದರೆ ಎಲ್ಲ ಬಾವುಟಗಳ ಅಳತೆ ಒಂದೇ ಎಂದು ತಿಳಿಯುತ್ತಿತ್ತು. ನಂತರ ತಿಳಿದದ್ದೂ ಅದೇ. ಅಷ್ಟರಲ್ಲಿ ಗಲಾಟೆ ಕರ್ನಾಟಕಕ್ಕೆ ಬಂದಾಗಿತ್ತು. ಬೆಂಗಳೂರಿನ ಲುಲು ಮಾಲ್, ಅದರ ನೆಪದಲ್ಲಿ ಡಿ.ಕೆ. ಶಿವಕುಮಾರ್ ಹೆಸರು, ಎಲ್ಲವನ್ನೂ ಎಳೆದು ತಂದರು. ರಾಜಕೀಯ ಪಕ್ಷವೊಂದರ ಕಾರ್ಯಕರ್ತೆಯ ಮೇಲೆ ತುಮಕೂರಿನಲ್ಲಿ ಪ್ರಕರಣವೂ ದಾಖಲಾಯಿತು. ಇದರ ನಡುವೆ ಮಾಲ್‌ನ ಮಾರ್ಕೆಟಿಂಗ್ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದಿದ್ದ ಒಬ್ಬ ಮಹಿಳೆ ಕೆಲಸ ಕಳಕೊಂಡರು. ಬಳಿಕ ವಾಪಸ್ ಕರೆಸಿಕೊಂಡರು ಅನ್ನುವುದು ಸಮಾಧಾನ. ಆದರೆ ಆ ನಡುವಿನ ದಿನಗಳಲ್ಲಿ ಆ ಮನೆಯಲ್ಲಿ ಒಲೆ ಹೇಗೆ ಉರಿಯಿತು ಎಂದು ಯಾವ ನೆಟ್ಟಿಗನೂ ಕೇಳಲಿಲ್ಲ.

ಇಲ್ಲಿ ಕೆಲಸ ಮಾಡುವ ಕ್ರಮವನ್ನು ಸ್ವಲ್ಪ ನಿಧಾನಕ್ಕೆ ನೋಡಬೇಕು. ಮೊದಲ ಪೋಸ್ಟ್ ಹಾಕಿದವನಿಗೆ ಬೆಲೆ ಇಲ್ಲ, ಅವ ಯಾರೋ ದಾರಿಹೋಕ. ಅದನ್ನು ಒಂದು ಚಾನೆಲ್ ‘ವೈರಲ್’ ಎಂದು ಓದಿದ ಕೂಡಲೇ ಅದಕ್ಕೆ ಒಂದು ವಿಳಾಸ ಸಿಗುತ್ತದೆ. ಆಮೇಲೆ ಮೈಕ್ ಹಿಡಿದು ಒಬ್ಬ ನಾಯಕರ ಮನೆ ಬಾಗಿಲಿಗೆ ಹೋಗುತ್ತಾರೆ. “ಸರ್, ಈ ಬಗ್ಗೆ ಏನು ಹೇಳ್ತೀರಿ?” ಸರ್ ಆ ಪೋಸ್ಟ್ ನೋಡಿಯೇ ಇರುವುದಿಲ್ಲ, ಆದರೂ ಖಂಡಿಸುತ್ತಾರೆ. ಅಲ್ಲಿಂದ ಮುಂದೆ ಸುದ್ದಿ ಆ ಪೋಸ್ಟ್ ಅಲ್ಲ, ನಾಯಕರ ಹೇಳಿಕೆ. ಇನ್ನೊಂದು ಪಕ್ಷದ ನಾಯಕರ ಉತ್ತರ ಮರುದಿನದ ಸುದ್ದಿ. ಸಂಜೆಗೆ ಐದು ಮಂದಿ ಕುಳಿತು ಚರ್ಚೆ. ಇಷ್ಟಾಗುವಾಗ ಮೂಲ ಪೋಸ್ಟ್ ಡಿಲೀಟ್ ಆಗಿದ್ದರೂ ಯಾರಿಗೂ ಬೇಡ. ಕೊಳೆ ಬಟ್ಟೆ ತೊಳೆದು ಇಸ್ತ್ರಿ ಹಾಕಿದ ಹಾಗೆ, ಬುಡ ಇಲ್ಲದ ಮಾತು ಎರಡು ದಿನದಲ್ಲಿ ‘ವಿವಾದ’ ಆಗಿ ಹೊರಬರುತ್ತದೆ.

ಯಾಕೆ ಹೀಗೆ ಎಂದರೆ ಒಂದು ಕಾರಣ ತೀರಾ ಸಾದಾ: ಇದು ಅಗ್ಗ. ಒಬ್ಬ ವರದಿಗಾರನನ್ನು ಬಂಟ್ವಾಳದಿಂದ ಸುಳ್ಯಕ್ಕೆ ಕಳಿಸಿದರೆ ಪೆಟ್ರೋಲ್, ಊಟ, ಒಂದು ಇಡೀ ದಿನ ಬೇಕು. ಸ್ಕ್ರೀನ್‌ಶಾಟ್‌ಗೆ ಅರ್ಧ ನಿಮಿಷ ಸಾಕು. ಇನ್ನೊಂದು ಕಾರಣ ಪೋಸ್ಟ್ ಹಾಕುವವನ ಕಡೆ ಉಂಟು. ಟ್ವಿಟರ್ ಈಗ ‘ಎಕ್ಸ್’ ಆಗಿದೆ. 2023ರ ಎಪ್ರಿಲ್ ಬಳಿಕ ಅಲ್ಲಿನ ನೀಲಿ ಟಿಕ್ ದುಡ್ಡು ಕೊಟ್ಟವರಿಗೆಲ್ಲ ಸಿಗುತ್ತದೆ. ಅದೇ ವರ್ಷ ಜುಲೈಯಿಂದ, ಹೆಚ್ಚು ಜನ ನೋಡುವ ಖಾತೆಗಳಿಗೆ ಜಾಹೀರಾತು ಹಣದಲ್ಲಿ ಪಾಲು ಕೊಡಲು ಶುರು ಮಾಡಿದರು. ಜನ ಜಗಳವಾಡಿದಷ್ಟೂ ಆ ಖಾತೆಯವನಿಗೆ ಸಂಪಾದನೆ. ಆ ಖಾತೆಯವ ಹಿಂದೂ ಆಗಲಿ ಮುಸ್ಲಿಮ್ ಆಗಲಿ, ಲೆಕ್ಕ ಒಂದೇ.

ನಮ್ಮ ಕರಾವಳಿಗೆ ಬರೋಣ. 2023ರ ಜುಲೈಯಲ್ಲಿ ಉಡುಪಿಯ ಪ್ಯಾರಾಮೆಡಿಕಲ್ ಕಾಲೇಜೊಂದರ ಶೌಚಾಲಯದಲ್ಲಿ ಒಬ್ಬ ವಿದ್ಯಾರ್ಥಿನಿಯ ವೀಡಿಯೊ ತೆಗೆದ ಪ್ರಕರಣ ನಡೆಯಿತು. ಮೊದಲೇ ಹೇಳುತ್ತೇನೆ, ಅದು ತಪ್ಪು. ತಮಾಷೆಗೆ ಮಾಡಿದೆವು ಎಂದರೂ ತಪ್ಪು. ಒಂದು ಹೆಣ್ಣುಮಗಳ ಮಾನದ ವಿಷಯದಲ್ಲಿ ‘ನಮ್ಮ ಮಕ್ಕಳು’ ಎಂದು ಮುಚ್ಚಿಕೊಳ್ಳಲು ನಮಗೆ ದಾರಿಯಿಲ್ಲ. ಕಾಲೇಜು ಮೂವರು ವಿದ್ಯಾರ್ಥಿನಿಯರನ್ನು ಅಮಾನತು ಮಾಡಿತು. ಅಲ್ಲಿಗೆ ತನಿಖೆ, ಕಾನೂನು ತಮ್ಮ ದಾರಿಯಲ್ಲಿ ಹೋಗಬೇಕಿತ್ತು. ಆದರೆ ಜಾಲತಾಣದಲ್ಲಿ ಅದೇ ಘಟನೆ ಬೇರೆಯೇ ರೂಪ ತಾಳಿತು. ಗುಪ್ತ ಕ್ಯಾಮೆರಾ ಇಟ್ಟಿದ್ದರಂತೆ, ದೊಡ್ಡ ಜಾಲವಂತೆ, ವೀಡಿಯೊ ಎಲ್ಲೆಲ್ಲಿಗೋ ಹೋಗಿದೆಯಂತೆ. ಪ್ರತಿ ಸಾಲಿನ ಕೊನೆಗೂ ಒಂದು ‘ಅಂತೆ’. ಟಿವಿಗೆ ಬರುವಾಗ ಅದೇ ‘ಅಂತೆ’ ಪ್ರಶ್ನಾರ್ಥಕ ಚಿಹ್ನೆಯಾಗಿತ್ತು. ಬೇರೆ ಕಡೆಯ ವೀಡಿಯೊವನ್ನು ಉಡುಪಿಯದೆಂದು ಹಂಚುತ್ತಿದ್ದಾರೆ ಎಂದು ಪೊಲೀಸರೇ ಹೇಳಬೇಕಾಯಿತು. ರಾಷ್ಟ್ರೀಯ ಮಹಿಳಾ ಆಯೋಗದ ಸದಸ್ಯೆಯಾಗಿದ್ದ ಖುಷ್ಬೂ ಸುಂದರ್ ಉಡುಪಿಗೆ ಬಂದು ನೋಡಿದರು. ಗುಪ್ತ ಕ್ಯಾಮೆರಾ ಎಂಬುದು ಬರೀ ವದಂತಿ, ಇದಕ್ಕೆ ಕೋಮು ಬಣ್ಣ ಹಚ್ಚಬೇಡಿ ಎಂದರು. ಅವರು ಬಿಜೆಪಿಯವರು ಎಂಬುದನ್ನು ಇಲ್ಲಿ ನೆನಪಿಡಬೇಕು. ಮುಂದೆ ತನಿಖೆ ಸಿಐಡಿಗೂ ಹೋಯಿತು.

ಇವತ್ತು ನಿಮ್ಮ ಪಕ್ಕದ ಮನೆಯವರಲ್ಲಿ ಕೇಳಿ ನೋಡಿ. ‘ಗುಪ್ತ ಕ್ಯಾಮೆರಾ’ ನೆನಪಿರುತ್ತದೆ. ಖುಷ್ಬೂ ಹೇಳಿದ್ದು ಹತ್ತರಲ್ಲಿ ಇಬ್ಬರಿಗೆ ನೆನಪಿದ್ದರೆ ಹೆಚ್ಚು. ಆ ದಿನಗಳಲ್ಲಿ ಬುರ್ಖಾ ಹಾಕಿ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದ ನಮ್ಮ ಮಕ್ಕಳು ಎಂತಹ ನೋಟ ಎದುರಿಸಿದರು ಎಂದು ಅವರ ಉಮ್ಮಂದಿರಿಗೆ ಗೊತ್ತುಂಟು.

ತಿದ್ದುಪಡಿ ಯಾವಾಗಲೂ ತಡವಾಗಿ ಬರುತ್ತದೆ. 2020ರ ತಬ್ಲೀಗ್ ಕಾಲವನ್ನೇ ತೆಗೆದುಕೊಳ್ಳಿ. ‘ಕೊರೊನಾ ಜಿಹಾದ್’ ಎಂಬ ಹ್ಯಾಷ್‌ಟ್ಯಾಗ್ ಜಾಲತಾಣದಲ್ಲಿ ಓಡಿದ ವಾರದಲ್ಲೇ ಚಾನೆಲ್‌ಗಳ ಮಾತಿನ ಧಾಟಿಯೂ ಅದೇ ಆಯಿತು. ಆ ಎಪ್ರಿಲ್‌ನಲ್ಲಿ ಮೀನು, ತರಕಾರಿ ಮಾರಲು ಹೋದ ನಮ್ಮವರನ್ನು ಕೆಲವು ಊರುಗಳಲ್ಲಿ ಒಳಗೆ ಬಿಡಲಿಲ್ಲ. ವಿದೇಶಿ ತಬ್ಲೀಗಿಗಳ ಮೇಲಿನ ಎಫ್‌ಐಆರ್‌ಗಳನ್ನು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ರದ್ದು ಮಾಡಿ, ಮಾಧ್ಯಮಗಳ ಅಪಪ್ರಚಾರವನ್ನು ಟೀಕಿಸಿದ್ದು ಆಗಸ್ಟ್‌ನಲ್ಲಿ. ನಮ್ಮ ಕನ್ನಡ ಚಾನೆಲ್‌ಗಳ ವಿಷಯ ಇತ್ಯರ್ಥವಾಗಲು ಇನ್ನೂ ಒಂದು ವರ್ಷ ಹೋಯಿತು. ಬೆಂಗಳೂರಿನ ‘ಕ್ಯಾಂಪೇನ್ ಅಗೇನ್‌ಸ್ಟ್ ಹೇಟ್ ಸ್ಪೀಚ್’ ಎಂಬ ಗುಂಪಿನವರ ದೂರಿನ ಮೇಲೆ ಸುದ್ದಿವಾಹಿನಿಗಳ ಸ್ವನಿಯಂತ್ರಣ ಪ್ರಾಧಿಕಾರ 2021ರ ಜೂನ್‌ನಲ್ಲಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿತು. ಅದಕ್ಕೂ ಮೊದಲು, 2020ರಲ್ಲಿ, ನಟ ಸುಶಾಂತ್ ಸಿಂಗ್ ಸಾವಿನ ಬಳಿಕ ಅವರದ್ದೆಂದು ನಕಲಿ ಟ್ವೀಟ್‌ಗಳನ್ನು ತೋರಿಸಿದ್ದಕ್ಕೆ ಆಜ್ ತಕ್‌ಗೂ 1 ಲಕ್ಷ ದಂಡವಾಗಿತ್ತು, ಕ್ಷಮೆಯನ್ನೂ ಕೇಳಬೇಕಾಯಿತು. ಅಂದರೆ ಈ ರೋಗ ಮುಸ್ಲಿಮರಿಗೆ ಮಾತ್ರ ತಗಲಿದ್ದಲ್ಲ. ಒಬ್ಬ ಮೃತ ನಟನ ಮನೆಯವರನ್ನೂ ಬಿಡಲಿಲ್ಲ.

1 ಲಕ್ಷ ಒಂದು ಚಾನೆಲ್‌ಗೆ ಎಷ್ಟರ ಲೆಕ್ಕ ಎಂದು ನೀವು ಕೇಳಬಹುದು. ನಿಜ. ಆದರೆ ದೂರು ಕೊಟ್ಟವರು ಬೀದಿಗೆ ಇಳಿದದ್ದಲ್ಲ, ಯಾವ ದಿನ ಯಾವ ಕಾರ್ಯಕ್ರಮದಲ್ಲಿ ಯಾವ ಮಾತು ಎಂದು ಬರೆದು ಕಳಿಸಿದ್ದು. ಈಗಲೂ ಆ ದಾರಿ ತೆರೆದಿದೆ. ಪ್ರಸಾರವಾದ 7 ದಿನದೊಳಗೆ ಮೊದಲು ಚಾನೆಲ್‌ಗೇ ಬರೆಯಬೇಕು, ಉತ್ತರ ಸರಿ ಕಾಣದಿದ್ದರೆ ಪ್ರಾಧಿಕಾರಕ್ಕೆ. ಪತ್ರಿಕೆಯಾದರೆ ಪ್ರೆಸ್ ಕೌನ್ಸಿಲ್, ಅದು ಛೀಮಾರಿ ಹಾಕೀತೇ ಹೊರತು ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ನಮ್ಮ ಮಹಲ್ಲ್‌ಗಳಲ್ಲಿ ವಕೀಲರು ಇದ್ದಾರೆ, ಕಂಪ್ಯೂಟರ್ ಕಲಿತ ಮಕ್ಕಳು ಬೇಕಾದಷ್ಟಿದ್ದಾರೆ. ಒಂದೇ ಒಂದು ಜಮಾಅತ್ ಇಂತಹ ದೂರು ಬರೆದದ್ದನ್ನು ನಾನಂತೂ ಕೇಳಿಲ್ಲ.

ನಾವು ಮಾಡುವುದು ಬೇರೆ. ಆ ಲಿಂಕನ್ನು ‘ನೋಡಿ ಇವರ ಕಥೆ’ ಎಂದು ಬರೆದು ಐದು ಗ್ರೂಪಿಗೆ ಕಳಿಸುತ್ತೇವೆ. ದಮ್ಮಾಮ್‌ನಲ್ಲಿ ಕೆಲಸದಲ್ಲಿರುವ ಅಣ್ಣನೂ ಅದನ್ನೇ ತಿರುಗಿ ಕಳಿಸುತ್ತಾನೆ. ನಮ್ಮನ್ನು ಬೈದ ಪೋಸ್ಟಿಗೆ ಅರ್ಧ ವೀಕ್ಷಣೆ ನಾವೇ ಕೊಡುತ್ತೇವೆ ಮಾರಾಯ್ರೆ! ನಮ್ಮ ಹೆಸರಿನ ಕೆಲವು ಪೇಜ್‌ಗಳೂ ಕಮ್ಮಿ ಇಲ್ಲ. ಯಾವುದೋ ಅಂಕಿ ಹೆಸರಿನ ಖಾತೆಯವ ಬರೆದದ್ದನ್ನು ‘ಹಿಂದೂಗಳು ಹೀಗೆ ಹೇಳ್ತಿದ್ದಾರೆ’ ಎಂದು ಹಾಕುತ್ತಾರೆ. ಅಂಗಡಿಯಲ್ಲಿ ದಿನಾ ಸಿಗುವ ಬಾಲಣ್ಣನೂ ಆ ‘ಹಿಂದೂಗಳು’ ಎಂಬ ಪದದೊಳಗೆ ಸೇರಿಹೋಗುತ್ತಾರೆ ಎಂಬ ಯೋಚನೆ ಇಲ್ಲ.

ಇನ್ನು ಕಮೆಂಟ್. ಆಕ್ರೋಶದ ಸುದ್ದಿಗೆ ಎರಡನೇ ದಿನ ಬೇಕಾಗುವುದು ಈ ಕಡೆಯ ಒಂದು ಕೆಟ್ಟ ಮಾತು. ಅದನ್ನು ನಮ್ಮ ಯಾವನಾದರೂ ಹದಿನೆಂಟು ವರ್ಷದ ಹುಡುಗ ರಾತ್ರಿ ಹನ್ನೊಂದಕ್ಕೆ ಬರೆದುಕೊಡುತ್ತಾನೆ. ಮೊದಲು 153ಎ ಎಂದು ಕೇಳುತ್ತಿದ್ದೆವಲ್ಲ, 2024ರ ಜುಲೈಯಿಂದ ಅದೇ ಕಲಮು ಭಾರತೀಯ ನ್ಯಾಯ ಸಂಹಿತೆಯ 196. ಮೂರು ವರ್ಷದವರೆಗೆ ಜೈಲು ಉಂಟು. ಪಾಸ್‌ಪೋರ್ಟಿಗೆ ಪೊಲೀಸ್ ವೆರಿಫಿಕೇಶನ್ ಬರುವ ದಿನ ಆ ಎಫ್‌ಐಆರ್ ಮುಂದೆ ಬಂದು ನಿಲ್ಲುತ್ತದೆ. ಗಲ್ಫ್ ವೀಸಾ ಕಾಯುತ್ತಿರುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಮೊಬೈಲ್ ತೋರಿಸಿದ ಆ ಹುಡುಗನಲ್ಲಿ ಕೇಳಿದೆ, “ನೀನೆಂತ ಬರೆದೆ ಮೋನೆ ಇದರ ಕೆಳಗೆ?” ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತೋರಿಸಿದ. ಇಲ್ಲಿ ಬರೆಯುವಂಥದ್ದಲ್ಲ. ನನ್ನ ಎದುರಿಗೇ ಡಿಲೀಟ್ ಮಾಡಿಸಿದೆ. ಅಷ್ಟರಲ್ಲಿ ಅವನ ಕಮೆಂಟಿಗೆ ನಲವತ್ತು ಉತ್ತರ ಬಂದಿತ್ತು, ಒಬ್ಬ ಅದರ ಸ್ಕ್ರೀನ್‌ಶಾಟ್ ತೆಗೆದು ಪೊಲೀಸರಿಗೆ ಟ್ಯಾಗ್ ಮಾಡಿ ಆಗಿತ್ತು.